ಬದುವಿನ ಮೇಲಿನ ಫೋಟೋ

ಹಳೇ ಸೀರೆಗಳನ್ನು ಹೊಲದ ಸುತ್ತ ಕಟ್ಟೋಣ ಎಂದು ಭ್ರಮರಾಂಬ ಗಂಡನಿಗೆ ಮೊದಲೇ ಹೇಳಿದ್ದಳು. ಸೀರೆ ಅಲ್ಲಾಡುತ್ತಿದ್ದರೆ ಕಾಡುಹಂದಿ ಹತ್ತಿರ ಸುಳಿಯುವುದಿಲ್ಲ ಎಂಬುದು ರೊದ್ದಂ ಕಡೆಯವರ ಅನುಭವ. ಮರುಳಪ್ಪ ಒಪ್ಪಲಿಲ್ಲ.

"ಮನೆ ಹೆಂಗಸ್ರ ಸೀರೆ ಊರಿಗೆಲ್ಲ ಕಾಣೋ ಹಂಗೆ ಕಟ್ಟೋಕೆ ನಾನೇನು ಮಾನಗೆಟ್ಟೋನಾ?"

ಹಂದಿಗಳಿಗೆ ಅವನ ಮಾನದ ಚಿಂತೆ ಇರಲಿಲ್ಲ. ಬಂದವು, ಕಡಲೆಕಾಯಿ ಹೊಲವನ್ನು ಟ್ರ್ಯಾಕ್ಟರ್ ಉತ್ತಂತೆ ಉತ್ತು ಹೋದವು. ಬದುವಿನಾಚೆ ಅಂಬರೀಶನ ಹೊಲ ಮಾತ್ರ ಬಣ್ಣಬಣ್ಣದ ಸೀರೆಗಳ ನಡುವೆ ಹಸಿರಾಗಿ ಹರಡಿಕೊಂಡಿತ್ತು.

ಅವತ್ತು ಬೆಳಿಗ್ಗೆ ರೈತ ಕೇಂದ್ರದ ಹೇಮಾವತಿ ಬೆಳೆ ಫೋಟೋಗೆಂದು ಬಂದಳು. ರೈತ ತನ್ನ ಜಮೀನಿನಲ್ಲಿ ನಿಲ್ಲಬೇಕು, ಹಿಂದೆ ಬೆಳೆ ಕಾಣಬೇಕು. ಫೋಟೋ ಸರ್ಕಾರಕ್ಕೆ ಹೋದ ಮೇಲೇ ಸಬ್ಸಿಡಿ. ಆ ದುಡ್ಡಿನಲ್ಲಿ ಸುಟ್ಟುಹೋದ ಬೋರ್ ಮೋಟರ್ ಸರಿಮಾಡಿಸಬೇಕೆಂದು ಮರುಳಪ್ಪ ಆಗಲೇ ನಿರ್ಧರಿಸಿದ್ದ.

"ಬೆಳೆ ಹಸಿರಾಗಿ ಕಂಡ್ರೇನೇ ದುಡ್ಡಂತೆ ಕಣಪ್ಪ" ಎಂದಳು ಪಕ್ಕದ ಮನೆ ಚೌಡಕ್ಕ. ಅವಳಿಗೆ ಯಾರು ಹೇಳಿದರೋ ಗೊತ್ತಿಲ್ಲ. ಚೌಡಕ್ಕ ಹೇಳಿದ ಮೇಲೆ ಆ ಊರಲ್ಲಿ ಅದೇ ಕಾನೂನು.

ಮರುಳಪ್ಪ ಎದೆಗುಂದುವ ಗಿರಾಕಿಯಲ್ಲ. ತನ್ನ ಹೊಲದ ಅಂಚಿಗೆ ಹೋಗಿ, ಬದುವಿಗೆ ಬೆನ್ನು ಕೊಟ್ಟು ನಿಂತ. ಬೆನ್ನ ಹಿಂದೆ ಅಂಬರೀಶನ ಹಸಿರು.

"ನನ್ನ ಕಾಲು ನನ್ನ ಹೊಲದಾಗೇ ಐತಲ್ಲಮ್ಮ? ಹಿಂದೆ ಏನು ಕಂಡ್ರೂ ದೇವರ ದಯೆ. ತೆಗಿ."

ಚೌಡಕ್ಕ ಅಡ್ಡವಾಗಿದ್ದ ಸೀರೆಯನ್ನು ಬಿಚ್ಚಿ ಪಕ್ಕಕ್ಕೆಳೆದಳು. ಟವೆಲ್ ಸರಿಮಾಡಿದಳು. "ಒಸಿ ನಗು, ಸಾವಿನ ಮನೆಗೆ ಬಂದಂಗೆ ನಿಂತಿದ್ದೀಯ" ಎಂದು ಗದರಿದಳು. ಹೇಮಾವತಿಯ ಕಣ್ಣು ಫೋನಿನ ಸಿಗ್ನಲ್ ಮೇಲಿತ್ತು. ಫೋಟೋ ಹೋಯಿತು. ಅದರ ಇನ್ನೊಂದು ಪ್ರತಿಯನ್ನು ಮರುಳಪ್ಪ ಕಲ್ಯಾಣದುರ್ಗದ ಬೀಗ ಅಮರೇಶಪ್ಪನಿಗೂ ಕಳಿಸಿದ. ಮಗಳನ್ನು ಕೊಟ್ಟ ಮನೆಗೆ ನಮ್ಮ ಬೆಳೆ ತಿಳಿಯಬೇಡವೇ?

ಮುಂದಿನ ಸರದಿ ಅಂಬರೀಶನದು. ಅವನು ತಲೆ ಕೆರೆದುಕೊಂಡ.

"ಚೆನ್ನಾಗಿರೋ ಬೆಳೆ ಹಂಗೆಲ್ಲ ತೋರಿಸಬಾರ್ದು ಮೇಡಂ, ದೃಷ್ಟಿ ತಾಕ್ತದೆ."

ಎಂದವನೇ ಬದುವಿನ ಆಚೆಬದಿಯ ತನ್ನ ಹೊಲದಲ್ಲಿ, ಮರುಳಪ್ಪನ ಹಾಳು ಹೊಲ ಹಿಂದೆ ಕಾಣುವಂತೆ, ಕೈಕಟ್ಟಿ ನಿಂತ. ಮರುಳಪ್ಪನಿಗೆ ನಗು ತಡೆಯಲಾಗಲಿಲ್ಲ.

"ಪಿಚ್ಚೋಡಾ, ಹುಚ್ಚು ನನ್ಮಗನೇ, ಸಬ್ಸಿಡಿಗೆ ನೀನೇ ಎಳ್ಳುನೀರು ಬಿಟ್ಟೆ ಕಣ್ಲಾ."

ಸಂಜೆ ಊರವರೆಲ್ಲ ರೈತ ಕೇಂದ್ರದ ಮುಂದೆ ಕೂತಿದ್ದಾಗ ಹೇಮಾವತಿ ಹೊರಗೆ ಬಂದಳು.

"ಈಗ ಆರ್ಡರ್ ಬಂತು. ಹಂದಿಯಿಂದ ಬೆಳೆ ಹಾಳಾದೋರಿಗೆ ಮಾತ್ರ ಈ ಸಲ ಸಬ್ಸಿಡಿ. ಬೆಳಿಗ್ಗೆ ತೆಗೆದ ಫೋಟೋನೇ ಸಾಕ್ಷಿ. ಅಂಬರೀಶ್, ನಿಂಗೆ ಬತ್ತದಪ್ಪ."

ಮರುಳಪ್ಪ ದಡಕ್ಕನೆ ಎದ್ದ. "ಅದು ನನ್ನ ಹೊಲ ಕಣಮ್ಮ! ಹಂದಿ ಬಿದ್ದಿದ್ದು ನನ್ನ ಹೊಲಕ್ಕೆ."

"ಹಂಗಾದ್ರೆ ನಿಮ್ಮ ಫೋಟೋದಾಗೆ ಹಿಂದಿರೋ ಬೆಳೆ ಯಾರ್ದು?"

ಎಲ್ಲರೂ ಅವನ ಮುಖ ನೋಡಿದರು. ನಿಜ ಹೇಳಿದರೆ ಮೋಟರ್ ತಿರುಗುತ್ತದೆ, ಮಾನ ಹೋಗುತ್ತದೆ. ಹೇಳಿಬಿಡುವುದೇ ಸರಿ ಎಂದು ಅವನು ಬಾಯಿ ತೆರೆದ. ಅಷ್ಟರಲ್ಲಿ ಜೇಬಿನ ಫೋನ್ ಬಡಿದುಕೊಂಡಿತು. ಅವನು ಹೊರತೆಗೆದದ್ದೇ ತಡ, ಚೌಡಕ್ಕ ಕೈಹಾಕಿ ಸ್ಪೀಕರ್ ಒತ್ತಿಬಿಟ್ಟಳು.

"ಬೀಗ್ರೇ, ನಿಮ್ಮ ಬೆಳೆ ನೋಡಿ ಕಣ್ಣು ತುಂಬಿಬಂತು" ಎಂದ ಅಮರೇಶಪ್ಪ. "ನಮಗೆ ಬಿತ್ತನೆಗೆ ಎರಡು ಮೂಟೆ ಅದ್ರಾಗೇ ಎತ್ತಿಡಿ. ಕಿತ್ತ ಮೇಲೆ ಬತ್ತೀನಿ."

ಊರೆಲ್ಲ ಕೇಳಿಸಿಕೊಳ್ಳುತ್ತಿತ್ತು. ಮರುಳಪ್ಪನ ಕೈ ತಾನಾಗಿಯೇ ಮೀಸೆಗೆ ಹೋಯಿತು.

"ಎರಡ್ಯಾಕೆ ಬೀಗ್ರೇ? ನಾಲ್ಕು ಮೂಟೆ ತಗಂಡೋಗಿ."

ಫೋನ್ ಇಟ್ಟು ಮೆಲ್ಲಗೆ ಅಂಬರೀಶನ ಪಕ್ಕಕ್ಕೆ ಸರಿದು ಕೂತ. ಕೇಳುವ ಮೊದಲೇ ಅಂಬರೀಶ ಅವನ ಭುಜ ಮುಟ್ಟಿದ.

"ನಾಲ್ಕು ಮೂಟೆ ತಾನೇ, ಕೊಡ್ತೀನಣ್ಣ. ದುಡ್ಡು ನಿಧಾನಕ್ಕೆ ಕೊಡುವಿಯಂತೆ. ನಂಗೇನು ಅವಸರ, ನಿನ್ನ ಹೊಲದ ಸಬ್ಸಿಡಿ ಬತ್ತದಲ್ಲ."