ಹೆಸರು ಕೆತ್ತಿದ ಪಾತ್ರೆಗಳ ಬಾಡಿಗೆ ಅಂಗಡಿ ಕುರಿತು

ಇಂದ,
ಸುನಂದಮ್ಮ ಕೋಂ ಮಾದೇಶ,
ಹೊಂಗೆಮರದ ಕೊಪ್ಪಲು, ಕಂಪಲಾಪುರ ಅಂಚೆ,
ಪಿರಿಯಾಪಟ್ಟಣ ತಾಲ್ಲೂಕು.

ಗೆ,
ಮಾನ್ಯ ಅಧ್ಯಕ್ಷರಾದ ರುದ್ರಸ್ವಾಮಿಯವರು,
ಗ್ರಾಮ ಪಂಚಾಯಿತಿ.

ಆಷಾಢ, 1999

ವಿಷಯ: ಮದುವೆ, ಬೀಗರ ಊಟಗಳಿಗೆ ಪಾತ್ರೆ ಬಾಡಿಗೆ ಕೊಡುವ ಅಂಗಡಿಗೆ ಪರವಾನಗಿ ಕೋರಿ ಎರಡನೇ ಸಲ ಅರ್ಜಿ.

ಉಲ್ಲೇಖ: ಮೊದಲ ಅರ್ಜಿಗೆ ತಾವು ಕೊಟ್ಟ ಹಿಂಬರಹ: "ಬಂಡವಾಳ ಹೂಡಿದವರು ಯಾರೆಂದು ತಿಳಿಸಿಲ್ಲ. ಅಲ್ಲದೆ ಪರವಾನಗಿಯನ್ನು ಯಜಮಾನರ ಹೆಸರಿನಲ್ಲಿ ಕೇಳುವುದು."

ಮಾನ್ಯರೇ,

ಅರ್ಜಿದಾರಳು ಹೇಳಿದ್ದನ್ನು ಬಿಕ್ಕಲಂ ಕಂಠಪ್ಪ ಬರೆದಿರುತ್ತಾನೆ. ಬೈಗುಳಗಳನ್ನು ಕೈಬಿಡಲಾಗಿದೆ. ಪರವಾನಗಿ ಇಲ್ಲದ ಪಾತ್ರೆ ಸಮುದಾಯ ಭವನದೊಳಗೆ ಬರಕೂಡದೆಂಬುದು ತಮ್ಮದೇ ನಿರ್ಣಯ. ಶ್ರಾವಣ ಹುಟ್ಟಿದರೆ ಮದುವೆಗಳು ಶುರು. ಅಷ್ಟರೊಳಗೆ ಪರವಾನಗಿ ಸಿಗದಿದ್ದರೆ ಗಿರಾಕಿಗಳು ಪಿರಿಯಾಪಟ್ಟಣದ ಅಂಗಡಿಗೆ, ಪಾತ್ರೆಗಳು ಅಟ್ಟಕ್ಕೆ, ಅರ್ಜಿದಾರಳು ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಕೂಲಿಗೆ.

1. ಬಂಡವಾಳದ ಬಗ್ಗೆ: ಇರಲಿಲ್ಲ. ಬ್ಯಾಂಕಿನವರು ಜಾಮೀನು ಕೇಳಿದರು, ಅಣ್ಣ ಮುಖ ತಿರುಗಿಸಿದ. ಮದುವೆಗೆ ಬಂದ ಮುಯ್ಯಿ ಪಾತ್ರೆಗಳು ಮಾತ್ರ ಅಂದಿನಿಂದ ಅಟ್ಟದ ಮೇಲೆ ದೂಳು ತಿನ್ನುತ್ತಿದ್ದವು. ಆದ ಕಾರಣ ಅವನ್ನೇ ಇಳಿಸಿ, ಬೂದಿ ಹಾಕಿ ತಿಕ್ಕಿ, ಬಾಡಿಗೆಗೆ ಇಟ್ಟಳು.

2. ನಮ್ಮ ಕಡೆ ಮುಯ್ಯಿ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಕೆತ್ತಿಸದೆ ಯಾರೂ ಕೊಡುವುದಿಲ್ಲವೆಂಬುದು ತಮಗೂ ಗೊತ್ತು. ಇದನ್ನು ಗಣನೆಗೆ ತೆಗೆದುಕೊಳ್ಳದಿದ್ದದ್ದೇ ಅರ್ಜಿದಾರಳ ತಪ್ಪು. ಮೊದಲ ಗಿರಾಕಿ ನೆರೆಮನೆಯ ರುಕ್ಮಿಣಮ್ಮ. ಮೊಮ್ಮಗನ ನಾಮಕರಣ ಮುಗಿದ ಮೇಲೆ ಬಾಡಿಗೆ ಕೇಳಿದಾಗ ಆಕೆ ಅಂದದ್ದು:

"ಬಕೀಟ್ ಮೇಲೆ ನನ್ನೆಸ್ರೇ ಐತಲ್ಲಮ್ಮಿ! ನಮ್ ಬಕೀಟ್‌ಗೆ ನಾವೇ ಬಾಡ್ಗೆ ಕೊಡಾದಾ?"

"ನಂಗೆ ಕೊಟ್‌ಬುಟ್ಟಿದ್ರಲ್ಲಕ್ಕ?"

"ಬಳಸ್ಲಿ ಅಂತ ಕೊಟ್ಟಿದ್ದು ಕಣಮ್ಮಿ, ಯಾಪಾರ ಮಾಡ್ಲಿ ಅಂತಲ್ಲ."

ಸದರಿ ಮಾತು ಊರಿಗೆಲ್ಲ ಹಬ್ಬಿತು. ಅಂದಿನಿಂದ ತಂತಮ್ಮ ಹೆಸರಿನ ಪಾತ್ರೆಯನ್ನು ಎಲ್ಲರೂ ಪುಕ್ಕಟೆ ಒಯ್ಯುತ್ತಾರೆ. ಹೆಸರಿಲ್ಲದವರು ಹೆಸರಿದ್ದವರನ್ನು ಜೊತೆಗೆ ಕರೆತರುತ್ತಾರೆ. ಯಾರದೋ ಊಟದಲ್ಲಿ ತಮ್ಮ ಹೆಸರಿನ ಬಕೆಟ್ಟು ಕಂಡರೆ ಹಕ್ಕಿನಿಂದ ಎರಡನೇ ಸಲ ಪಾಯಸ ಹಾಕಿಸಿಕೊಳ್ಳುತ್ತಾರೆ.

3. ಬೇಸತ್ತ ಅರ್ಜಿದಾರಳು ಹೆಸರುಗಳನ್ನೆಲ್ಲ ಉಜ್ಜಿಸಿಬಿಡಲು ಹೆಸರು ಕೆತ್ತುವವನನ್ನೇ ಕರೆಸಿದಳು. ಅವನ ಕೈಗೆ ಮೊದಲು ಸಿಕ್ಕಿದ್ದು ಆಕೆಯ ತೀರಿಹೋದ ತಾಯಿ ಮಾರಮ್ಮನ ಹೆಸರಿನ ಚೊಂಬು. ಮೊದಲ ಅಕ್ಷರ ಅರ್ಧ ಅಳಿಯುವಷ್ಟರಲ್ಲಿ ಅದನ್ನು ಕಿತ್ತುಕೊಂಡು ಎದೆಗವುಚಿ ಅತ್ತಳು. ಈ ಕಾರಣ, ಯಾರ ಹೆಸರನ್ನೂ ಉಜ್ಜಿಸಿರುವುದಿಲ್ಲ. ಪಾಪ, ಕೆತ್ತುವವನು ಪಾತ್ರೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, "ಅಕ್ಕಾ, ಇಷ್ಟ್ರಲ್ಲಿ ನಿಮ್ಮೆಸ್ರು ಎಲ್ಲೂ ಇಲ್ವಲ್ಲ" ಅಂದ. ಆಕೆಗೂ ಅದು ಅಲ್ಲಿಯತನಕ ಹೊಳೆದಿರಲಿಲ್ಲ. ಆಗಿಂದಾಗಲೇ ಎಲ್ಲದರ ಮೇಲೂ "ಬಾಡಿಗೆಗೆ, ಸುನಂದಮ್ಮ" ಎಂದು ಕೆತ್ತಿಸಿದಳು. ಒಂದನ್ನು ಬಿಟ್ಟು.

4. ಆ ಒಂದು, ತಮ್ಮ ಹೆಸರಿನ ದೊಡ್ಡ ತಪ್ಪಲೆ. ತಮ್ಮ ಮಗಳ ಬೀಗರ ಊಟಕ್ಕೆ "ನಮ್ದೇ ಅಲ್ವೇನವ್ವ" ಎಂದು ತಾವು ಒಯ್ದದ್ದು. ಈಗ ಅದು ತಮ್ಮ ಕೊಟ್ಟಿಗೆಯಲ್ಲಿ ಹಸುವಿಗೆ ಕಲಗಚ್ಚು ಇಡುವ ಸೇವೆಯಲ್ಲಿದೆ. ಅದಿಲ್ಲದೆ ಮದುವೆ ಊಟ ಒಪ್ಪಿಕೊಳ್ಳಲು ಅರ್ಜಿದಾರಳಿಗೆ ಸಾಧ್ಯವಿಲ್ಲ.

5. ಯಜಮಾನರ ಬಗ್ಗೆ: ಮಾದೇಶನನ್ನು ವಿಚಾರಿಸಲಾಗಿ, "ನಾನು ಒಂದ್ ಸೌಟೂ ತೊಳ್ದಿಲ್ಲ ಕಣಣ್ಣ, ನನ್ನೆಸ್ರು ಯಾಕೆ?" ಎಂದಿದ್ದಾನೆ.

ಆದ್ದರಿಂದ, ಬಂಡವಾಳ ಹೂಡಿದವರು ಎಂಬಲ್ಲಿ "ಇಡೀ ಊರು" ಎಂದು ಬರೆದುಕೊಳ್ಳುವುದು. ಹೆಸರಿನ ಮೇಲೆ ಹಕ್ಕು ಹೇಳುವವರು ತೂತು ಬಿದ್ದಾಗ ಬೆಸುಗೆ ಹಾಕಿಸಲೂ ಬರತಕ್ಕದ್ದು. ಪರವಾನಗಿಯನ್ನು ಸುನಂದಮ್ಮನ ಹೆಸರಿಗೇ ದಯಪಾಲಿಸುವುದು. ಕಾರಣ, ಸ್ಟೀಲಿನ ಮೇಲೆ ಕೆತ್ತಿದ್ದಾಗಿದೆ. ತಿದ್ದುವುದಾದರೆ ಕಾಗದವೇ ಸುಲಭ.

ತಪ್ಪಲೆ ಬರುವ ದಾರಿ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಸುನಂದಮ್ಮ

ಬಿಕ್ಕಲಂ: ಕಂಠಪ್ಪ

ಲಗತ್ತು: ಸಾಕ್ಷಿಗಾಗಿ ಸೌಟು ಒಂದು, ನೋಡಿ ವಾಪಸು ಕೊಡತಕ್ಕದ್ದು. ಇದರ ಮೇಲೆ ಸುನಂದಮ್ಮನ ಹೆಸರಿನ ಜೊತೆಗಿರುವುದು ಬಿಕ್ಕಲಂ ಕಂಠಪ್ಪನದೇ ಹೆಸರು. ಅವನೂ ಪುಕ್ಕಟೆ ಒಯ್ದವನೇ; ಈ ಅರ್ಜಿ ಬರೆದ ಕೂಲಿ ಅದಕ್ಕೆ ಸರಿಹೋಯಿತು.

ವಿ.ಸೂ.: ತಪ್ಪಲೆಯ ಮೇಲೆ ತಮ್ಮ ಹೆಸರಿನ ಕೆಳಗೆ ಇನ್ನೊಂದು ಹೆಸರಿಗೆ ಜಾಗವಿದೆ. ಕೆತ್ತುವವನು ಸಂತೆಯ ದಿನ ಬರುತ್ತಾನೆ. ಅಷ್ಟರೊಳಗೆ ತೊಳೆದು ಕಳಿಸುವುದು.