ನಾನು ಕ್ಲೈಂಟ್ ಆದದ್ದು

ತಾನೊಬ್ಬ ಬಾರದಿದ್ದರೆ ಅಂದಿನ ಕೆಲಸವೇ ನಡೆಯುವುದಿಲ್ಲ ಎಂದು ನಂಬದ ನೌಕರನನ್ನು ನಾನು ಇದುವರೆಗೆ ಯಾವ ಆಫೀಸಿನಲ್ಲೂ ಕಂಡಿಲ್ಲ. ಉಳಿದವರದು ಬರೀ ನಂಬಿಕೆ. ನನ್ನ ವಿಷಯದಲ್ಲಿ ಮಾತ್ರ ಅದು ನಿಜವಾಗಿತ್ತು. ಬೀದರಿನ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ನಾನು ಹಿರಿಯ ಗುಮಾಸ್ತ. ಅಲ್ಲಿ ನಾಲ್ಕು ಕಂಪ್ಯೂಟರುಗಳಿದ್ದವು. ಒಂದು ನೀಲಿ ತಂತಿಯಿಂದ ನಾಲ್ಕನ್ನೂ ಜೋಡಿಸಿದ್ದರು. ಅವುಗಳಲ್ಲಿ ದೊಡ್ಡದು ಚಿಕ್ಕದು ಎಂಬ ಭೇದವಿರಲಿಲ್ಲ. ತನ್ನಲ್ಲಿದ್ದದ್ದನ್ನು ಕೇಳಿದವರಿಗೆ ಕೊಡುವುದು, ಇಲ್ಲದ್ದನ್ನು ಇನ್ನೊಬ್ಬರಿಂದ ಕೇಳಿ ಪಡೆಯುವುದು, ಇದೇ ಅಲ್ಲಿನ ಪದ್ಧತಿ. ಅಕ್ಕಪಕ್ಕದ ಮನೆಯವರು ಬಟ್ಟಲು ಹಿಡಿದು ಸಕ್ಕರೆ, ಚಹಾಪುಡಿ ಕೊಟ್ಟು ತೆಗೆದುಕೊಳ್ಳುತ್ತಾರಲ್ಲ, ಹಾಗೆ.

ಆದರೆ ಹಿರಿತನದ ಮರ್ಯಾದೆಗೆಂದು ಪ್ರಿಂಟರನ್ನೂ ವಿದ್ಯಾರ್ಥಿಗಳ ಪ್ರವೇಶದ ಪಟ್ಟಿಯನ್ನೂ ನನ್ನ ಕಂಪ್ಯೂಟರಿಗೇ ಒಪ್ಪಿಸಿದ್ದರು. ಹೀಗಾಗಿ ನಾನು ಬಂದು ಗುಂಡಿ ಒತ್ತುವವರೆಗೆ ಉಳಿದ ಮೂವರು ಸುಮ್ಮನೆ ಕೂತಿರಬೇಕು. ಹತ್ತು ಗಂಟೆಗೆ ಬರಬೇಕಾದ ನಾನು ಹತ್ತೂಕಾಲಿಗೆ ಬಾಗಿಲಲ್ಲಿ ಕಾಣಿಸಿಕೊಂಡಾಗ ಆ ಮೂರು ಮುಖಗಳಲ್ಲಿ ಏಳುತ್ತಿದ್ದ ಬೆಳಕನ್ನು ನಾನು ಗೌರವವೆಂದೇ ತಿಳಿದಿದ್ದೆ.

ಆ ಮೂವರಲ್ಲಿ ಒಬ್ಬರು ಮಹಾದೇವಿ ಮೇಡಂ. ಬಗದಲ್ ಕಡೆಯವರು, ಮಿತಭಾಷಿ, ಕೆಲಸದಲ್ಲಿ ಚುರುಕು. ಒಂದು ದಿನ ಅವರು ತಮ್ಮ ಮೇಜಿನಿಂದಲೇ ನನ್ನ ಪಟ್ಟಿಯನ್ನು ತೆರೆದು, ಹೆಸರುಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸಲು ಹೋದರು. ಮಕ್ಕಳ ಹೆಸರಿನ ಸಾಲು ಮಾತ್ರ ಮೇಲೆ ಕೆಳಗೆ ಸರಿಯಿತು, ಪಕ್ಕದ ತಂದೆಯ ಹೆಸರಿನ ಸಾಲು ಇದ್ದಲ್ಲೇ ಉಳಿಯಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಇಡೀ ಕಾಲೇಜಿನ ಮಕ್ಕಳಿಗೆ ಬೇರೆಯವರ ತಂದೆಯರು ಬಂದರು. ಎಲ್ಲರನ್ನೂ ಅವರವರ ತಂದೆಯರಿಗೆ ಮುಟ್ಟಿಸಲು ನಮಗೆ ಎರಡು ದಿನ ಬೇಕಾಯಿತು. ಮೇಡಂ ಕ್ಷಮೆ ಕೇಳಿದರು. ನಾನು ದೊಡ್ಡ ಮನಸ್ಸಿನಿಂದ ಕ್ಷಮಿಸಿದೆ. ಕ್ಷಮಿಸಿದ ಮೇಲೆ ಪಟ್ಟಿ ಬೇರೆಯವರಿಗೆ ಕಾಣದಂತೆ ಮಾಡಿ, ಕಂಪ್ಯೂಟರಿಗೆ ಒಂದು ಪಾಸ್‌ವರ್ಡ್ ಹಾಕಿದೆ. ಆ ಪಾಸ್‌ವರ್ಡಿನಲ್ಲಿ ನನ್ನ ಮನಸ್ಸು ಎಷ್ಟು ದೊಡ್ಡದಿತ್ತು ಎಂಬುದು ಮುಂದೆ ತಿಳಿಯುತ್ತದೆ.

ಮುಂದಿನ ವಾರ ತಂಗಿಯ ಮಗಳ ನಿಶ್ಚಿತಾರ್ಥಕ್ಕೆಂದು ರಜೆ ಹಾಕಿ ಔರಾದಿಗೆ ಹೋಗಿದ್ದೆ. ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಸರಿಯಾಗಿ ಮೇಡಂ ಫೋನ್ ಬಂತು.

"ಸರ್, ಸಂತಪುರದಿಂದ ಒಬ್ಬಾಕಿ ಹುಡುಗಿ ಬಂದಾಳ್ರಿ, ಸಂಗಾಟ ಅಕಿ ಆಯಿನೂ ಬಂದಾಳ, ಪಾಪ ಮುದುಕಿ. ಹಾಸ್ಟೆಲ್ ಸೀಟಿಗಿ ವ್ಯಾಸಂಗ ಪ್ರಮಾಣಪತ್ರ ಬೇಕಂತ. ಇವತ್ತ ಐದರೊಳಗ ಕೊಡಬೇಕು, ಇಲ್ಲಂದ್ರ ಸೀಟು ಬ್ಯಾರೆದವರಿಗಿ ಹೋಗ್ತದಂತ್ರಿ."

"ರಜಿಸ್ಟರ್ ಪುಸ್ತಕ ನೋಡಿ ಬರದು ಕೊಡ್ರಿ."

"ಪುಸ್ತಕ ನಿಮ್ಮ ಅಲ್ಮಾರಿನ್ಯಾಗ ಅದರಿ. ಕೀಲಿ?"

ಕೀಲಿ ನನ್ನ ಜೇಬಿನಲ್ಲಿತ್ತು. ಪಾಸ್‌ವರ್ಡ್ ಹೇಳಿಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅದು ಹೇಳುವಂಥದ್ದಾಗಿರಲಿಲ್ಲ. "ನಾನೇ ಬರ್ತೇನಿ, ಕೂಡಸ್ರಿ ಅವರಿಗಿ" ಎಂದೆ. ತಂಗಿ ಹೌಹಾರಿ, "ಅಣ್ಣಾ, ಊಟಾ ಬಿಟ್ಟು ಎಲ್ಲಿಗಿ ನಡದಿ?" ಎಂದಳು. "ನಾ ಇಲ್ಲಂದ್ರ ಕಾಲೇಜ್ ನಡೆಂಗಿಲ್ಲವ್ವಾ" ಎಂದು ನೆಂಟರೆಲ್ಲರಿಗೂ ಕೇಳುವಂತೆ ಹೇಳಿ ಬಸ್ಸು ಹತ್ತಿದೆ.

ಬಸ್ಸು ಸಂತಪುರ ದಾಟಿದ ಮೇಲೆ ಟೈರು ಪಂಕ್ಚರಾಗಿ ನಿಂತಿತು. ಬದಲಿ ಟೈರಿನಲ್ಲೂ ಗಾಳಿ ಇರಲಿಲ್ಲ. ಹಿಂದಿನ ಬಸ್ಸು ಬರುತ್ತದೆ, ಇಳಿಯಬೇಡಿ ಎಂದು ಕಂಡಕ್ಟರ್ ಹೇಳಿದ. ಗಂಟೆ ಮೂರಾಯಿತು, ಮೂರೂವರೆಯಾಯಿತು. ಮತ್ತೆ ಫೋನ್ ಬಂತು. "ಸರ್, ಆಯಿ ಅಳ್ಳಿಕತ್ತಾಳ್ರಿ" ಎಂದರು ಮೇಡಂ. "ಸೀಟ್ ಹೋದ್ರ ದಿನಾ ಬಸ್ಸಿಗಿ ಅಡ್ಡಾಡಸೂದು ಆಗಂಗಿಲ್ಲ, ಹುಡುಗಿಗಿ ಸಾಲಿ ಬಿಡಸ್ತೀನಂತಾಳ."

ಇನ್ನು ಉಪಾಯವಿರಲಿಲ್ಲ. "ಬರಕೋರಿ, ಪಾಸ್‌ವರ್ಡ್ ಹೇಳ್ತೇನಿ" ಎಂದೆ. ಸಿಗ್ನಲ್ ಸರಿಯಾಗಿ ಸಿಗದಿದ್ದರಿಂದ ಕೂಗಿಯೇ ಹೇಳಬೇಕಿತ್ತು. ಇಡೀ ಬಸ್ಸು ಮಾತು ನಿಲ್ಲಿಸಿ ನನ್ನ ಕಡೆ ತಿರುಗಿತು.

"ಮೊದಲ ನಿಮ್ಮ ಹೆಸರು ಹೊಡೀರಿ. ಇಂಗ್ಲಿಷಿನ್ಯಾಗ."

"ನನ್ನ ಹೆಸರಾ?" ಮೇಡಂ ದನಿ ಮೆತ್ತಗಾಯಿತು. "ನನ್ನ ಹೆಸರು ಇಟ್ಟೀರೇನ್ರಿ ಸರ್?"

ಆ ಮೆತ್ತನೆಯ ದನಿ ಕೇಳಿ, ನನಗೆ ಬಸ್ಸಿನಿಂದ ಇಳಿದು ತೊಗರಿ ಹೊಲದೊಳಗೆ ಓಡಿಹೋಗಬೇಕೆನ್ನಿಸಿತು.

"ಹೌದ್ರಿ. ಆಮ್ಯಾಲ ಡಿ, ಎ, ಡಿ, ಡಿ, ಐ."

ಪಕ್ಕದಲ್ಲಿ ಕೂತಿದ್ದ ಪೇಟದ ಹಿರಿಯರು, "ಡ್ಯಾಡಿ ಏನ್ರಿ? ಅದಕ್ಕ ಕಡೀಗಿ ವೈ ಬರ್ತದಲ್ಲ" ಎಂದು ತಿದ್ದಿದರು. ಮೇಡಂಗೆ ಅಂಥ ಗೊಂದಲವಿರಲಿಲ್ಲ. ಆ ಕಡೆ ಒಂದೊಂದೇ ಗುಂಡಿ ಒತ್ತುವ ಸದ್ದು ಕೇಳಿಸಿತು. ಆಮೇಲೆ ಕೇಳಿದರು:

"ದಡ್ಡಿ ಅನ್ನೂದ್ರಾಗ ನಡುವ ಡಿ ಒಂದೇ ಅದನೋ, ಎರಡು ಅವನೋ?"

"ಎರಡು," ಎಂದೆ.

"ಖುಲ್ಲಾ ಆಯ್ತು ನೋಡ್ರಿ ಸರ್" ಎಂದು ಫೋನಿಟ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಪ್ರಮಾಣಪತ್ರ ಆಯಿತು. ಮೇಡಂ ತಾವೇ ಆಟೋ ಮಾಡಿ ಅಜ್ಜಿ ಮೊಮ್ಮಗಳನ್ನು ಹಾಸ್ಟೆಲಿಗೆ ಕರೆದೊಯ್ದು, ಐದಕ್ಕೆ ಹತ್ತು ನಿಮಿಷವಿರುವಾಗ ಅರ್ಜಿ ಕೊಡಿಸಿ ಬಂದರಂತೆ. ಸೀಟು ಉಳಿಯಿತು. ನಾನು ಬೀದರ ಮುಟ್ಟಿದಾಗ ಕಾಲೇಜಿನ ಗೇಟಿಗೆ ಬೀಗ ಬಿದ್ದಿತ್ತು.

ಈ ಸುದ್ದಿ ಪ್ರಿನ್ಸಿಪಾಲರಿಗೆ ತಲುಪಿತು, ಪಾಸ್‌ವರ್ಡಿನ ಸುದ್ದಿ ಬಿಟ್ಟು. ಅವರು ಭಾಲ್ಕಿಯಿಂದ ಸುಜಾತಾ ಎಂಬ ಕಂಪ್ಯೂಟರ್ ಇಂಜಿನಿಯರಮ್ಮನನ್ನು ಕರೆಸಿದರು. ಆಕೆ ನಮ್ಮ ನೀಲಿ ತಂತಿಯ ಸಂಸಾರವನ್ನು ಒಂದು ಸುತ್ತು ನೋಡಿ, "ನಾಕು ಮಂದಿಗಿ ಈ ಕೊಡು-ತಗೊ ಪದ್ಧತಿ ನಡೀತದ್ರಿ. ಆದ್ರ ಇಲ್ಲಿ ಸರ್ ಮನಿಗಿ ಹೋದ್ರ ಅವರ ಸಂಗಾಟ ಕಾಲೇಜೂ ಮನಿಗಿ ಹೋಗ್ತದ" ಎಂದರು. ಗ್ರಂಥಾಲಯದ ಮೂಲೆಯಲ್ಲಿ ಪರದೆಯೂ ಇಲ್ಲದ ಒಂದು ಕರಿ ಪೆಟ್ಟಿಗೆ ಇಟ್ಟು, ಪಟ್ಟಿ, ಪ್ರಿಂಟರು ಎಲ್ಲವನ್ನೂ ಅದಕ್ಕೆ ವಹಿಸಿದರು. ಅದರ ಹೆಸರು ಸರ್ವರ್.

"ಅಂದ್ರ ಅದೇ ಸಾಹೇಬ ಏನ್ರಿ?" ಎಂದು ಕೇಳಿದೆ.

"ಅಲ್ರಿ. ಅದು ಸೇವಾ ಮಾಡೂದು. ಹಗಲು ರಾತ್ರಿ ಎಚ್ಚರ ಇದ್ದು, ಕೇಳಿದವರಿಗಿ ಕೊಡೂದು."

"ಮತ್ತ ನಾ?"

"ನೀವು ಕ್ಲೈಂಟ್ ರಿ. ಕೇಳವ್ರು."

ದಾಸೋಹದ ಮಾತು ಕೇಳುತ್ತ ಬೆಳೆದ ಮನೆತನ ನಮ್ಮದು. ಆದರೂ ಸೇವೆ ಮಾಡುವ ಕೆಲಸ ಕೈಬಿಟ್ಟು ಕೇಳುವ ಸಾಲಿಗೆ ಬಂದದ್ದಕ್ಕೆ ಎದೆಯಲ್ಲಿ ಚುರುಕ್ಕೆಂದಿತು. ಅಷ್ಟರಲ್ಲಿ ಸುಜಾತಾ ಕೇಳಿದರು: "ಪಟ್ಟಿ ಎಲ್ಲಾರೂ ನೋಡಬಹುದು, ತಿದ್ದೂದು ಮಾತ್ರ ಒಬ್ಬರೇ. ಯಾರ ಹೆಸರು ಹಾಕ್ಲಿರಿ?" ಪ್ರಿನ್ಸಿಪಾಲರು ಹಿರಿತನ ನೋಡಿ ನನ್ನ ಕಡೆ ತಿರುಗಿದರು. ನನ್ನ ಬಾಯಿಂದ, ನನಗೇ ಆಶ್ಚರ್ಯವಾಗುವಂತೆ, "ಮಹಾದೇವಿ ಮೇಡಂ" ಎಂಬ ಹೆಸರು ಬಂತು. ಈ ಸಲ ಹೆಸರಿನ ಮುಂದೆ ಏನೂ ಸೇರಿಸಲಿಲ್ಲ.

ಆ ಬಸ್ಸಿನ ಮಧ್ಯಾಹ್ನದ ಬಗ್ಗೆ ಮೇಡಂ ಒಂದು ದಿನವೂ ಮಾತೆತ್ತಲಿಲ್ಲ. ಅದೇ ನನ್ನನ್ನು ತಿನ್ನುತ್ತಿತ್ತು. ಕೊನೆಗೆ ಒಂದು ಸೋಮವಾರ ಅವರ ಮೇಜಿನ ಮುಂದೆ ಹೋಗಿ ನಿಂತು, "ಮೇಡಂ, ಅವತ್ತಿನ ಆ ಪಾಸ್‌ವರ್ಡ್..." ಎಂದು ಶುರುಮಾಡಿದೆ.

"ಪಾಸ್‌ವರ್ಡ್ ಮಂದಿ ಮುಂದ ಮಾತಾಡಬಾರದಂತ ಭಾಲ್ಕಿ ಮೇಡಂ ಹೇಳ್ಯಾರ್ರಿ ಸರ್," ಎಂದರು ಅವರು, ಪರದೆಯಿಂದ ಕಣ್ಣು ತೆಗೆಯದೆ. "ಮತ್ತೇನರ ಕೆಲಸ ಇತ್ತೇನ್ರಿ?"

ಕೈಬೀಸಿಕೊಂಡು ಹಿಂದಿರುಗಲು ನಾಚಿಕೆಯಾಗಿ, ಒಬ್ಬ ವಿದ್ಯಾರ್ಥಿಯ ಜನ್ಮದಿನಾಂಕ ತಿದ್ದಬೇಕಿತ್ತು ಎಂದೆ. ಅರ್ಜಿ ಬರೆದುಕೊಡಿ ಎಂದರು. ಅಲ್ಲೇ ನಿಂತು ಬರೆದುಕೊಟ್ಟೆ. ಓದಿ ನೋಡಿ, ಪೆನ್ನು ತೆಗೆದುಕೊಂಡು ನನ್ನ ಅರ್ಜಿಯಲ್ಲಿದ್ದ ಎರಡು ಕಾಗುಣಿತದ ತಪ್ಪುಗಳನ್ನು ಮೊದಲು ತಿದ್ದಿದರು, ಜನ್ಮದಿನಾಂಕ ಆಮೇಲೆ.