ಕೈ ಬಿಡದ ಕನೆಕ್ಷನ್ನುಗಳು

ಪೀಣ್ಯದ ನಮ್ಮ ಪಂಪ್ ಕಾರ್ಖಾನೆಯಲ್ಲಿ ವಾರಕ್ಕೆ ಎರಡು ಸಲವಾದರೂ ಯಾರಾದರೊಬ್ಬರು ನನ್ನ ಬಾಗಿಲಲ್ಲಿ ನಿಂತು "ಮೇಡಂ, ಹ್ಯಾಂಗ್ ಆಗಿದೆ" ಎನ್ನುತ್ತಾರೆ. ಏನು ಹ್ಯಾಂಗ್ ಆಗಿದೆ ಎಂದು ಹೇಳುವುದಿಲ್ಲ. ಒಮ್ಮೆ ಬಿದ್ದು ಎದ್ದು ಓಡಿ ನೋಡಿದರೆ, ನಿಂತಿದ್ದದ್ದು ಕ್ಯಾಂಟೀನಿನ ಕಾಫಿ ಮಷೀನು. ಹದಿಮೂರು ವರ್ಷದಿಂದ ಇಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ನಾನೊಬ್ಬಳೇ. ಇಂಥ ಕರೆಗಳೆಲ್ಲ ನಿಂತುಹೋದರೆ ನನ್ನನ್ನು ಇಲ್ಲಿ ಯಾಕೆ ಇಟ್ಟುಕೊಳ್ಳುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ.

ನನ್ನ ಕಷ್ಟಕ್ಕೆಲ್ಲ ಮೂಲ ಒಂದು ಹಳೆಯ ಟೆಸ್ಟಿಂಗ್ ಪ್ರೋಗ್ರಾಂ. ಪ್ರತಿ ಪಂಪಿನ ರೀಡಿಂಗ್ ಅದರೊಳಗೆ ಹೋಗಬೇಕು, ಅದು ಸರ್ಟಿಫಿಕೇಟ್ ಪ್ರಿಂಟ್ ಮಾಡಬೇಕು, ಆಮೇಲೇ ಪಂಪು ಗೇಟು ದಾಟಬೇಕು. ಅದು ಓಡುತ್ತಿದ್ದ ಹಳೇ ಕಂಪ್ಯೂಟರ್ ಸತ್ತ ಮೇಲೆ ನಾನು ಅದನ್ನು ವರ್ಚುವಲ್ ಮಷೀನಿಗೆ ಸಾಗಿಸಿದೆ. ಅಂದರೆ ದೊಡ್ಡ ಸರ್ವರಿನ ಹೊಟ್ಟೆಯಲ್ಲಿ, ತಾನೂ ಒಂದು ಕಂಪ್ಯೂಟರ್ ಎಂದು ನಂಬಿಕೊಂಡು ಕೂತಿರುವ ಸಾಫ್ಟ್‌ವೇರ್. ಪಾಪ, ಕೆಲಸದಲ್ಲಿ ಮೋಸವಿಲ್ಲ. ಒಂದೇ ದುರಭ್ಯಾಸ: ಮಾತಾಡುತ್ತಿದ್ದ ಕನೆಕ್ಷನ್ ನಡುವೆ ಸತ್ತುಹೋದರೆ ಅದಕ್ಕೆ ತಿಳಿಯುವುದಿಲ್ಲ. ಆ ಕಡೆಯವರು ಫೋನಿಟ್ಟ ಮೇಲೂ ಹಲೋ ಹಲೋ ಎನ್ನುವ ನಮ್ಮ ಅತ್ತೆಯ ಹಾಗೆ ಕಾಯುತ್ತಲೇ ಇರುತ್ತದೆ. ಅದು ಕಾಯುವಷ್ಟು ಹೊತ್ತು ಉಳಿದವರೂ ಕಾಯಬೇಕು. ಸತ್ತ ಕನೆಕ್ಷನ್ ಯಾವುದೆಂದು ಹುಡುಕಿ ಕತ್ತರಿಸಿದರೆ ಎಚ್ಚರಾಗುತ್ತದೆ. ಆ ಕತ್ತರಿಸುವ ಕೆಲಸ ನನ್ನದು.

ಹೊಸದಾಗಿ ಬಂದ ಪ್ಲಾಂಟ್ ಹೆಡ್ ನನ್ನನ್ನು ಕರೆಸಿ, ಪಂಪು ಒಯ್ಯಲು ಲಾರಿ ನಿಂತಿರುವ ದಿನ ಇನ್ನೊಂದು ಸಲ ಇದು ಹ್ಯಾಂಗ್ ಆದರೆ ಕಂಪ್ಯೂಟರ್ ವಿಭಾಗವನ್ನೇ ವೈಟ್‌ಫೀಲ್ಡಿನ ಯಾವುದಾದರೂ ಕಂಪನಿಗೆ ಒಪ್ಪಿಸಿಬಿಡುತ್ತೇನೆ ಎಂದರು. ಕಂಪ್ಯೂಟರ್ ವಿಭಾಗ ಅಂದರೆ ನಾನು ಮತ್ತು ಒಂದು ಸ್ಕ್ರೂಡ್ರೈವರ್. ಮಗಳು ಇನ್ನೂ ಪಿಯುಸಿ. ನಲವತ್ತೇಳನೇ ವಯಸ್ಸಿನಲ್ಲಿ ಬಯೋಡೇಟಾ ಹಿಡಿದುಕೊಂಡು ಯಾರ ಮುಂದೆ ನಿಲ್ಲಲಿ? ನಿಜವಾಗಿಯೂ ಹೆದರಿದೆ. ಮುಂದಿನದೆಲ್ಲ ಆ ಹೆದರಿಕೆಯ ನಡುವೆ ನಡೆದದ್ದು.

ತೂಕ

ನಮ್ಮ ಸ್ಟೋರ್ಸ್ ನೋಡಿಕೊಳ್ಳುವವರು ಕಾರ್ಖಾನೆಯ ಪ್ರತಿ ಯಂತ್ರಕ್ಕೂ ನಂಬರಿನ ತಗಡು ಹೊಡೆಯುತ್ತಾರೆ. ನನ್ನ ಪಟ್ಟಿಯಲ್ಲಿ, ಬೇರೆ ಕೆಲಸಗಳಿಗೆ ಮಾಡಿಕೊಂಡವೂ ಸೇರಿ, ವರ್ಚುವಲ್ ಮಷೀನ್ ಐದು ಎಂದಿತ್ತು. ಐದು ತಗಡು ಮತ್ತು ಒಂದು ಡ್ರಿಲ್ ಹಿಡಿದುಕೊಂಡು ಬಂದರು. ರೂಮಿನಲ್ಲಿದ್ದದ್ದು ಒಂದೇ ಪೆಟ್ಟಿಗೆ. ಉಳಿದ ನಾಲ್ಕು ಎಲ್ಲಿ ಎಂದು ಕೇಳಿದರು. ಐದೂ ಇದರೊಳಗೇ ಇವೆ ಎಂದೆ. ಪೆಟ್ಟಿಗೆಯನ್ನು ಒಂದು ಸುತ್ತು ಹಾಕಿ, ನನ್ನನ್ನೂ ಒಂದು ಸಲ ಮೇಲಿಂದ ಕೆಳಗೆ ನೋಡಿದರು. ಡ್ರಿಲ್ ಹಾಕಲು ನಾನು ಬಿಡದ್ದರಿಂದ ಐದು ತಗಡನ್ನೂ ಸಾಲಾಗಿ ಅಂಟಿಸಿ ಹೋದರು.

ಐದರಲ್ಲಿ ಒಂದು, ಟೆಸ್ಟಿಂಗಿನದಲ್ಲ, ಎಷ್ಟು ಸಲ ಕನೆಕ್ಷನ್ ಕತ್ತರಿಸಿದರೂ ಮತ್ತೆ ಮತ್ತೆ ಹ್ಯಾಂಗ್ ಆಗುತ್ತಿತ್ತು. ಬೇಸತ್ತು ಅಳಿಸಿಬಿಟ್ಟೆ. ಮಾರನೆಯ ದಿನ ಸ್ಟೋರ್ಸಿನವರು ಹಾಜರು. ಯಂತ್ರ ಹೋಯಿತು ಸರಿ, ಸ್ಕ್ರ್ಯಾಪ್ ಎಲ್ಲಿ? ಅಳಿಸಿದೆ, ಏನೂ ಉಳಿದಿಲ್ಲ ಎಂದೆ. ತೂಕ ಬರೆಯದೆ ಫಾರಂ ಮುಚ್ಚುವುದಿಲ್ಲ ಎಂದರು. ಸೊನ್ನೆ ಬರೆಯಿರಿ ಎಂದೆ. ಅವರಿಗೆ ಅಭ್ಯಂತರವಿರಲಿಲ್ಲ, ಆದರೆ ತೂಕದ ಕಟ್ಟೆಯವರು ಕಣ್ಣಾರೆ ನೋಡದೆ ಸಹಿ ಹಾಕುವವರಲ್ಲ ಎಂದು ಗೊಣಗುತ್ತ ಹೋದರು. ಅರ್ಧ ಗಂಟೆಯಲ್ಲಿ ನಗುನಗುತ್ತಾ ವಾಪಸು ಬಂದರು.

"ಹಾಕಿದ್ರು ಮೇಡಂ. ಖಾಲಿ ತಕ್ಕಡಿ ತೂಗಿ ತೋರಿಸ್ದೆ. ಕರೆಕ್ಟಾಗಿ ಸೊನ್ನೆ ಬಂತು."

ಕ್ರೇನಿನ ಹಾರ್ನು

ನಡುವೆ ಕೆಲವು ವಾರ ದಿನಕ್ಕೆ ಮೂರು ನಾಲ್ಕು ಸಲ ಕನೆಕ್ಷನ್ ಸಾಯುತ್ತಿತ್ತು. ಕಾರಣ ಹುಡುಕಲು ಎರಡು ವಾರ ಬೇಕಾಯಿತು. ಶೆಡ್ಡಿನ ಮೇಲೆ ಓಡಾಡುವ ದೊಡ್ಡ ಕ್ರೇನು ಉತ್ತರದ ತುದಿಗೆ ಹೋದಾಗಲೆಲ್ಲ ಗೋಡೆ ಅದುರಿ, ಅಲ್ಲಿದ್ದ ನೆಟ್‌ವರ್ಕ್ ಕೇಬಲ್ಲಿನ ಜಾಯಿಂಟು ಅಲುಗುತ್ತಿತ್ತು. ಕ್ರೇನ್ ಓಡಿಸುವವರು ಮಾಕಳಿಯ ರೈತರ ಮನೆಯವರು. ಎರಡು ಬಿಲ್ಡಿಂಗ್ ಬಾಡಿಗೆಗೆ ಕೊಟ್ಟಿದ್ದರೂ ಮೇಲೆ ಕೂತು ಎಲ್ಲರನ್ನೂ ನೋಡುವ ಆಸೆಗೆ ಕೆಲಸಕ್ಕೆ ಬರುತ್ತಾರೆ. ವಿಷಯ ತಿಳಿದು ಬಹಳ ನೊಂದುಕೊಂಡರು. ಅವತ್ತಿನಿಂದ ಹೊರಡುವ ಮುಂಚೆ ನನಗೆ ಫೋನ್ ಬರತೊಡಗಿತು.

"ಮೇಡಂ, ಆ ತುದೀಗ್ ಓಗ್ತಾ ಇವ್ನಿ. ನಿಮ್ದು ಏನಿದ್ರೂ ಬಿಗಿಯಾಗಿ ಇಡ್ಕಳಿ."

ಫೋನು ಸಾಲದೆಂದು ಹಾರ್ನು ಹೊಡೆಯಲು ಶುರುಮಾಡಿದರು. ಹಾರ್ನು ಕೇಳಿದ ತಕ್ಷಣ ಇಡೀ ಆಫೀಸು ಸೇವ್ ಒತ್ತಿ, ಕೈ ಎತ್ತಿ ಕೂರುತ್ತಿತ್ತು. ಕ್ರೇನು ಹೋಗಿ ಬರುವವರೆಗೆ ಯಾರೂ ಏನೂ ಮುಟ್ಟುತ್ತಿರಲಿಲ್ಲ. ಆಮೇಲೆ ಕೇಬಲ್ ಬದಲಾಯಿಸಿದೆವು, ತೊಂದರೆ ಪೂರ್ತಿ ನಿಂತಿತು. ಇನ್ನು ಹಾರ್ನು ಬೇಡ ಅಣ್ಣ ಎಂದು ನಾನೇ ಹೋಗಿ ಹೇಳಿದೆ. ಅವರು ನಿಲ್ಲಿಸಿದ ಎರಡನೇ ದಿನ ಆಫೀಸಿನವರು ದೂರು ಕೊಟ್ಟರು. ಕೈ ಎತ್ತಿ ಕೂರುವ ಐದು ನಿಮಿಷ ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. ಈಗ ಎತ್ತಲು ಸಾಮಾನಿಲ್ಲದಿದ್ದರೂ, ಬೆಳಿಗ್ಗೆ ಹನ್ನೊಂದಕ್ಕೂ ಮಧ್ಯಾಹ್ನ ನಾಲ್ಕಕ್ಕೂ ಖಾಲಿ ಕ್ರೇನು ಹಾರ್ನು ಹೊಡೆದುಕೊಂಡು ಉತ್ತರಕ್ಕೆ ಹೋಗಿ ಬರುತ್ತದೆ.

ಪ್ರೋಗ್ರೆಸ್

ಪ್ಲಾಂಟ್ ಹೆಡ್ಡಿಗೆ ಹೆದರಿ ಒಮ್ಮೆ ನಾನೂ ಹೊರಗಿನ ಸಹಾಯ ಕೇಳಿದೆ. ಎಲೆಕ್ಟ್ರಾನಿಕ್ ಸಿಟಿಯಿಂದ ಸಪೋರ್ಟ್ ಎಂಜಿನಿಯರೊಬ್ಬರು ತಮ್ಮ ಕಂಪ್ಯೂಟರಿನಿಂದಲೇ ನಮ್ಮ ಸರ್ವರಿಗೆ ಸೇರಿಕೊಂಡರು. ಫೋನಿನಲ್ಲಿ ಧ್ವನಿ ಬಹಳ ಗಂಭೀರ. ಚೆಕ್ ಮಾಡ್ತಿದೀನಿ, ಪ್ರೋಗ್ರೆಸ್ ಆಗ್ತಾ ಇದೆ ಎನ್ನುತ್ತಿದ್ದರು. ನಾನು ಕನೆಕ್ಷನ್ನುಗಳ ಪಟ್ಟಿ ತೆಗೆದು ನೋಡಿದರೆ ಅವರ ಕನೆಕ್ಷನ್ ಸತ್ತು ಇಪ್ಪತ್ತು ನಿಮಿಷವಾಗಿತ್ತು. ಅವರು ನೋಡುತ್ತಿದ್ದದ್ದು ಅಲುಗಾಡದ ಒಂದು ಚಿತ್ರವನ್ನು.

ಹೇಳಿದರೆ ನೊಂದುಕೊಂಡಾರು. ಫೋನನ್ನು ಸ್ಪೀಕರಿಗೆ ಹಾಕಿ, ತೊಂದರೆ ಕೊಡುತ್ತಿದ್ದ ಕನೆಕ್ಷನ್ನಿನ ಜೊತೆ ಅವರದ್ದನ್ನೂ ಕತ್ತರಿಸಿದೆ. ಎಲ್ಲ ಸರಿಹೋಯಿತು. ಡಬ್ಬಿ ಬಿಚ್ಚಿ ಅವರೆಕಾಳು ಉಪ್ಪಿಟ್ಟು ತಿಂದು ಕೈ ತೊಳೆದು ಬಂದರೂ ಆ ಕಡೆ ಪ್ರೋಗ್ರೆಸ್ ನಡೆದೇ ಇತ್ತು. ಕೊನೆಗೆ, ಈಗ ನೋಡಿ ಮೇಡಂ ಎಂದರು. ಸರಿಯಾಗಿದೆ, ಥ್ಯಾಂಕ್ಸ್ ಎಂದೆ.

"ಸ್ವಲ್ಪ ಟ್ರಿಕ್ಕಿ ಇತ್ತು ಮೇಡಂ. ಇನ್ನೊಂದ್ಸಲ ಇಂಥದ್ದಾದ್ರೆ ದಯವಿಟ್ಟು ನೀವೇನೂ ಮುಟ್ಟೋಕ್ಕೆ ಹೋಗ್ಬೇಡಿ."

ಕೈ, ಕಾಲು, ತಲೆ

ನಮ್ಮ ಟೆಸ್ಟಿಂಗ್ ವಿಭಾಗದ ಮುಖ್ಯಸ್ಥರು ಒಂದು ಶುಕ್ರವಾರ ನಿವೃತ್ತರಾದರು. ಆ ಹಳೆಯ ಪ್ರೋಗ್ರಾಮನ್ನು ಪಕ್ಕದಲ್ಲಿ ಕೂತು ಬರೆಸಿದವರೇ ಅವರು. ಕೊನೆಯ ದಿನವೂ ರೀಡಿಂಗ್ ಟೈಪ್ ಮಾಡುತ್ತಿದ್ದವರನ್ನು ಕುರ್ಚಿಯಿಂದ ಎಬ್ಬಿಸಿಕೊಂಡು ಹೋಗಿ ಮೈಸೂರು ಪೇಟ ತೊಡಿಸಿದರು. ಆ ಸಂಭ್ರಮದಲ್ಲಿ ಯಾರೋ ಅವರ ಕಂಪ್ಯೂಟರನ್ನು ಗೋಡೆಯ ಸ್ವಿಚ್ಚಿನಲ್ಲೇ ಆರಿಸಿದರು.

ಸೋಮವಾರ ಬೆಳಿಗ್ಗೆ ಲಾರಿ ಬಂದು ನಿಂತಿತು. ಸರ್ಟಿಫಿಕೇಟ್ ಬರಲಿಲ್ಲ. ಈ ದಾಖಲೆಯಲ್ಲಿ ಟೆಸ್ಟಿಂಗ್ ಮುಖ್ಯಸ್ಥರು ಕೆಲಸ ಮಾಡುತ್ತಿದ್ದಾರೆ, ಅವರು ಮುಗಿಸುವವರೆಗೆ ಕಾಯಿರಿ ಎಂದು ಪರದೆ ಹೇಳುತ್ತಿತ್ತು. ವರ್ಚುವಲ್ ಮಷೀನು ಶುಕ್ರವಾರದಿಂದ ಅವರಿಗಾಗಿ ಕಾದು ಕೂತಿತ್ತು. ಪ್ಲಾಂಟ್ ಹೆಡ್ ನನ್ನ ಕಡೆ ನೋಡಿದ ನೋಟದಲ್ಲಿ ವೈಟ್‌ಫೀಲ್ಡ್ ಪೂರ್ತಿ ಕಂಡಿತು. ಒಂದೇ ನಿಮಿಷ ಸಾರ್, ಕತ್ತರಿಸ್ತೀನಿ ಎಂದು ಎದ್ದೆ.

ಸೇಫ್ಟಿ ಆಫೀಸರ್ ಅಡ್ಡ ನಿಂತರು. ನಮ್ಮಲ್ಲಿ ಯಂತ್ರದೊಳಗೆ ಕೈ ಹಾಕಿ ರಿಪೇರಿ ಮಾಡುವವರು ಮೊದಲು ಅದರ ಸ್ವಿಚ್ಚಿಗೆ ಬೀಗ ಹಾಕಿ ತಮ್ಮ ಹೆಸರಿನ ಚೀಟಿ ನೇತುಹಾಕುತ್ತಾರೆ. ಯಾರ ಹೆಸರೋ ಅವರೇ ಬಂದು ತೆಗೆಯಬೇಕು. ಎಂಥ ದೊಡ್ಡವರೂ ಮುಟ್ಟುವಂತಿಲ್ಲ. ಈ ನಿಯಮದಿಂದ ಎಷ್ಟೋ ಜನರ ಬೆರಳು ಉಳಿದಿದೆ, ಅದರ ಬಗ್ಗೆ ನನಗೆ ಗೌರವವೇ ಇದೆ. ಆದರೆ ಅದು ನನ್ನ ಸರ್ವರಿಗೂ ಬಂದೀತೆಂದು ಅಂದುಕೊಂಡಿರಲಿಲ್ಲ.

"ಹೆಸರು ಕಾಣಿಸ್ತಾ ಇದೆ ಮೇಡಂ. ಅವರ ಕೈ ಒಳಗಿಲ್ಲ ಅಂತ ನಿಮಗೆ ಹೆಂಗೆ ಗೊತ್ತು?"

ಅವರು ಮನೆಯಲ್ಲಿದ್ದಾರೆ ಎಂದೆ. ಬರವಣಿಗೆಯಲ್ಲಿ ಕೊಡಿ ಎಂದರು. ಆ ನಿಯಮದ ಕೆಳಗೆ ಸಹಿ ಹಾಕಿದವರು ಪ್ಲಾಂಟ್ ಹೆಡ್ಡೇ ಆದ್ದರಿಂದ ಅವರೂ ಬಾಯಿ ಬಿಡುವಂತಿರಲಿಲ್ಲ. ಹೆಸರಿನವರು ಸ್ಥಳದಲ್ಲಿಲ್ಲದಿದ್ದರೆ ಪ್ಲಾಂಟ್ ಹೆಡ್ ತುಂಬಬೇಕಾದ ಫಾರಂ ಒಂದಿತ್ತು. ಅದರ ಮೂರನೇ ಸಾಲು: ಯಂತ್ರದೊಳಗೆ ಸದರಿ ವ್ಯಕ್ತಿಯ ಕೈ, ಕಾಲು, ತಲೆ ಯಾವುದೂ ಇಲ್ಲವೆಂದು ಖುದ್ದಾಗಿ ನೋಡಿ ಖಚಿತಪಡಿಸಿಕೊಂಡಿದ್ದೇನೆ. ಪ್ಲಾಂಟ್ ಹೆಡ್ ಹೆಲ್ಮೆಟ್ ಹಾಕಿಕೊಂಡು, ಟಾರ್ಚ್ ಹಿಡಿದು, ಸರ್ವರಿನ ಮುಂದೆ ಮೊಣಕಾಲೂರಿ ಫ್ಯಾನಿನ ಸಂದಿಯಲ್ಲಿ ಇಣುಕಿದರು. ಏನೂ ಕಾಣುತ್ತಿಲ್ಲ ಎಂದರು.

"ಕಾಣ್ತಿಲ್ಲ ಅಂತಾನೋ, ಇಲ್ಲ ಅಂತಾನೋ ಸಾರ್? ಎರಡೂ ಬೇರೆ ಬೇರೆ," ಎಂದರು ಸೇಫ್ಟಿ ಆಫೀಸರ್.

ಪ್ಲಾಂಟ್ ಹೆಡ್ ಎದ್ದು ಮಂಡಿಯ ಧೂಳು ಕೊಡವಿಕೊಂಡು, ಫೋನ್ ಮಾಡಿ ಅವರನ್ನೇ ಕರೆಸಿ ಎಂದರು.

ಮುಖ್ಯಸ್ಥರು ಸರ್ಜಾಪುರದಲ್ಲಿ ಮಗಳ ಮನೆಯಲ್ಲಿದ್ದರು. ಅಷ್ಟು ದೂರ ಬರುವುದು ಬೇಡ ಸಾರ್, ಕತ್ತರಿಸು ಅಂತ ಫೋನಿನಲ್ಲೇ ಒಂದು ಮಾತು ಹೇಳಿ ಸಾಕು ಎಂದು ಬೇಡಿಕೊಂಡೆ. ಯಾರೂ ಮುಟ್ಟಬೇಡಿ, ಬಂದೆ ಎಂದು ಫೋನಿಟ್ಟರು. ಬಸ್ಸು, ಮೆಟ್ರೋ, ಮತ್ತೆ ಆಟೋ ಹಿಡಿದು ಅವರು ಬರಲು ಎರಡೂವರೆ ಗಂಟೆ. ಅಷ್ಟರಲ್ಲಿ ನಾನು ಬಯೋಡೇಟಾ ಬರೆಯಲು ಕೂತು, ಹವ್ಯಾಸಗಳು ಎಂಬಲ್ಲಿ ಸಿಕ್ಕಿಹಾಕಿಕೊಂಡಿದ್ದೆ.

ಬಂದವರು ಸೇಫ್ಟಿ ಶೂ ಹಾಕಿಕೊಂಡೇ ಬಂದಿದ್ದರು, ಕೈಯಲ್ಲಿ ಊಟದ ಡಬ್ಬಿಯೂ ಇತ್ತು. ತಮ್ಮ ಕುರ್ಚಿಯಲ್ಲಿ ಕೂತು ಹೆಸರು, ಪಾಸ್‌ವರ್ಡ್ ಹಾಕಿದರು. ನೀವು ಈಗಾಗಲೇ ಒಳಗೆ ಕೆಲಸ ಮಾಡುತ್ತಿದ್ದೀರಿ ಎಂದಿತು ಪರದೆ. ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿ ನನ್ನ ಕಡೆ ತಿರುಗಿದರು.

"ನಾನು ಮುಗಿಸೋವರೆಗೂ ನಾನು ಕಾಯ್ಬೇಕಂತೆ ಕಣಮ್ಮ."

ಸುತ್ತ ಮೂವತ್ತು ಜನ ನಿಂತಿದ್ದರು. ಇವರು ಏನು ಒತ್ತಿದರೂ ಅದು ಜಗ್ಗುವುದಿಲ್ಲ ಎಂದು ನನಗೆ ಗೊತ್ತು. ಇಷ್ಟು ದೂರದಿಂದ ಬಂದ ಹಿರಿಯರು ಎಲ್ಲರೆದುರು ಪೆಚ್ಚಾಗುವುದನ್ನು ನೋಡಲು ನನ್ನಿಂದಾಗಲಿಲ್ಲ. ನೀರು ಕುಡಿದು ಬರ್ತೀನಿ ಎಂದು ಪಕ್ಕದ ಸರ್ವರ್ ರೂಮಿಗೆ ನುಸುಳಿ, ಅವರ ಹೆಸರಿನ ಸತ್ತ ಕನೆಕ್ಷನ್ನನ್ನು ಕತ್ತರಿಸಿದೆ. ಗಾಜಿನಾಚೆ ಪರದೆ ಬೆಳಗಿತು. ಶುಕ್ರವಾರ ಅರ್ಧಕ್ಕೆ ನಿಂತ ರೀಡಿಂಗನ್ನು ಅವರು ನೆನಪಿನಿಂದಲೇ ತುಂಬಿದರು. ಪ್ರಿಂಟರ್ ಓಡಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಸೇಫ್ಟಿ ಆಫೀಸರ್ ಮಾತ್ರ ಫಾರಂನಲ್ಲಿ, ವ್ಯಕ್ತಿ ಸುರಕ್ಷಿತವಾಗಿ ಹೊರಗೆ ಬಂದಿದ್ದಾರೆ ಎಂದು ಬರೆದುಕೊಂಡರು.

ಪ್ಲಾಂಟ್ ಹೆಡ್ ಮುಖ ಅರಳಿತ್ತು. ವೈಟ್‌ಫೀಲ್ಡಿನವರಿಗೆ ಇಂಥವರನ್ನು ಕರೆಸಲು ಎಲ್ಲಿ ಗೊತ್ತಿರುತ್ತದೆ, ಒಳಗಿನವರೇ ನೋಡಿಕೊಳ್ಳುವುದು ಒಳ್ಳೆಯದು, ನೀವೇ ಮುಂದುವರಿಸಿ ಮೇಡಂ ಎಂದರು. ಜೊತೆಗೆ, ಸಾರ್ ಒಂದು ತಿಂಗಳು ದಿನಾ ಬಂದು ನಿಮಗೆ ಟ್ರೈನಿಂಗ್ ಕೊಡಲಿ ಎಂದೂ ಆಜ್ಞೆ ಮಾಡಿದರು. ಆಗಲಿ ಸಾರ್ ಎಂದೆ. ಕೆಲಸ ಉಳಿಯಿತಲ್ಲ ಎಂದು ಕಣ್ಣಲ್ಲಿ ನೀರು ಬಂದಿತ್ತು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಮುಖ್ಯಸ್ಥರು ಡಬ್ಬಿ ಬಿಚ್ಚುತ್ತ ಮೆಲ್ಲಗೆ ಹೇಳಿದರು.

"ನಾನು ಏನೂ ಒತ್ತಲಿಲ್ಲ ಕಣಮ್ಮ. ನೀರಿನ ಬಾಟ್ಲು ಮೇಜಿನ ಮೇಲೇ ಬಿಟ್ಟು ನೀರು ಕುಡಿಯೋಕ್ಕೆ ಹೋದೆಯಲ್ಲ, ಆಗ್ಲೇ ಗೊತ್ತಾಯ್ತು. ಬೆರಳು ಗಾಳೀಲಿಟ್ಕೊಂಡು ಕಾಯ್ತಾ ಇದ್ದೆ."

ಹಾಗಾದರೆ ಫೋನಿನಲ್ಲೇ ಹೂಂ ಅನ್ನಬಹುದಿತ್ತಲ್ಲ ಎಂದೆ. ಎರಡೇ ದಿನದಲ್ಲಿ ಮಗಳ ಮನೆಯ ಕುಕ್ಕರು, ಗೀಸರು, ನೀರಿನ ಮೋಟಾರು ಎಲ್ಲವನ್ನೂ ಟೆಸ್ಟ್ ಮಾಡಿ ಮುಗಿದಿದೆ, ಈಗ ತಮ್ಮನ್ನು ಕಂಡರೆ ಅಳಿಯ ರೂಮಿನ ಬಾಗಿಲು ಹಾಕಿಕೊಳ್ಳುತ್ತಾನೆ ಎಂದರು. ನಗುತ್ತಲೇ ಹೇಳಿದರು. ಮಾತು ಬದಲಿಸಲೆಂದು, ನಾಳೆಯಿಂದ ನನಗೆ ಏನು ಕಲಿಸುತ್ತೀರಿ ಸಾರ್ ಎಂದು ಕೇಳಿದೆ. ಎಂಟರ್ ಒತ್ತುವುದು ಎಂದರು. ಅದಕ್ಕೆ ಒಂದು ತಿಂಗಳಾ ಎಂದೆ.

"ಒಂದು ತಿಂಗಳು ಎಲ್ಲಿ ಸಾಕಾಗುತ್ತೆ? ನೀನು ದಡ್ಡಿ ಅಂತ ರಿಪೋರ್ಟ್ ಬರೀತೀನಿ, ಬೇಜಾರು ಮಾಡ್ಕೋಬೇಡ. ಆರು ತಿಂಗಳು ಎಳೀಬೋದು."